ಅಪ್ಪನ ಶ್ರುತಿ

ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಮೇಡಂ ಪಿಯಾನೋದ ಒಂದು ಕೀ ಒತ್ತಿ, “ಇದಕ್ಕೆ ಶ್ರುತಿ ಸೇರಿಸಮ್ಮ” ಅಂದಾಗಲೇ ಹುಡುಗಿಗೆ ಗೊತ್ತಾಗಿಹೋಗಿತ್ತು. ಅವಳ ಪಿಟೀಲು ಅದಕ್ಕಿಂತ ಅರ್ಧ ಸ್ವರ ಕೆಳಗಿತ್ತು. ತಂತಿ ಬಿಗಿಯುವ ಬಿರಡೆಯ ಮೇಲಿಟ್ಟ ಬೆರಳು ಕಲ್ಲಾಗಿಬಿಟ್ಟಿತು, ತಿರುಗಲೇ ಇಲ್ಲ. ಪುಣ್ಯಕ್ಕೆ ಮೇಡಂ ಒಳ್ಳೆಯವರು. “ನಾಳೆ ಹತ್ತಕ್ಕೆ ಬಾ, ಶ್ರುತಿ ಏರಿಸಿಕೊಂಡು ಬಾ. ಅದೇ ಕೊನೇ ಅವಕಾಶ” ಎಂದು ಕಳಿಸಿದರು.

ಇದಕ್ಕೆಲ್ಲ ಅಪ್ಪನೇ ಕಾರಣ, ಬೇರೆ ಯಾರೂ ಅಲ್ಲ. ಪಿಟೀಲು ರಿಪೇರಿಯೇ ಕಸುಬಾದರೂ ಅವನು ಯಾವ ವಾದ್ಯವನ್ನೂ ಪೂರ್ತಿ ಏರಿಸಿ ಕೊಟ್ಟವನಲ್ಲ. ಹಿಂದೊಮ್ಮೆ ಏರಿಸುವಾಗ ತಂತಿ ಹರಿದು ಅವನ ಎಡ ಹುಬ್ಬು ಸೀಳಿತ್ತು, ಕಣ್ಣು ಕೂದಲೆಳೆಯಲ್ಲಿ ಉಳಿದಿತ್ತು. ಅಂದಿನಿಂದ “ಸಾಕು, ಇಷ್ಟು ಸಾಕು” ಅನ್ನುವುದೇ ಅವನ ಜಪ. ಗಿರಾಕಿಗಳು ಬೈದುಕೊಂಡು ಮನೆಗೆ ಹೋಗಿ ಸರಿಮಾಡಿಕೊಳ್ಳುತ್ತಿದ್ದರು. ಆ ಅಂಗಡಿಯಲ್ಲೇ ಬೆಳೆದ ಮಗಳಿಗೆ ಮಾತ್ರ ಅಪ್ಪನ ಶ್ರುತಿಯೇ ಶ್ರುತಿ, ಅಪ್ಪನ ಭಯವೇ ಭಯ.

ಸಂಜೆ ಅಂಗಡಿಯಲ್ಲಿ ಅಪ್ಪ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟ. ಪಕ್ಕದ ಬೀದಿಯ ಕಾಲೇಜಿನದು. ಎಲ್ಲ ಅವನೇ ತುಂಬಿದ್ದ, ಅವಳ ಸಹಿಯೊಂದು ಬಾಕಿ.

“ಇಲ್ಲೇ ಸೇರ್ಕೊ. ಸಂಗೀತಾನೂ ಒಂದು ಪೇಪರ್ ಇದೆಯಂತೆ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ.”

“ಒಂದು ಪೇಪರ್ ತಗೊಂಡು ಏನ್ಮಾಡ್ಲಿ ಅಪ್ಪಾ? ಉಪ್ಪಿನಕಾಯಿ ಥರ ನೆಕ್ಕಲಾ?”

ಬಾಯಿ ಜೋರಾಗಿತ್ತು ನಿಜ, ಆದರೆ ಕಣ್ಣು ಅರ್ಜಿಯ ಮೇಲೇ ಇತ್ತು. ಸಹಿ ಹಾಕಿದರೆ ಮುಗಿಯಿತು, ಯಾರೂ ಪಿಯಾನೋ ಒತ್ತುವುದಿಲ್ಲ, ಬಿರಡೆ ಮುಟ್ಟಬೇಕಾಗಿಲ್ಲ. ಪೆನ್ನು ಕೈಗೆ ತೆಗೆದುಕೊಂಡೂಬಿಟ್ಟಳು. ಆಮೇಲೆ ಅದನ್ನು ಕೆಳಗಿಟ್ಟು, “ನೀನೇ ಏರಿಸಿಕೊಡು” ಅಂದಳು.

“ನನ್ನ ಕೈಲಾಗಲ್ಲ ಮಗಾ.”

ಅಷ್ಟು ಹೇಳಿ ತನ್ನ ಕೆಲಸದ ದಪ್ಪ ಕನ್ನಡಕ ತೆಗೆದು, ಕಣ್ಣಿಗೆ ಕಾಪಾಗಲೆಂದು ಅವಳಿಗೆ ತೊಡಿಸಿದ. ತಾನು ಅಂಗಡಿಯ ಒಳಬಾಗಿಲ ಪರದೆಯ ಹಿಂದೆ ಹೋಗಿ ನಿಂತ.

ಹುಡುಗಿ ಫೋನಿನಲ್ಲಿ ಮೇಡಂ ಒತ್ತಿದ್ದ ಅದೇ ಸ್ವರ ಹಾಕಿದಳು. ಮುಖ ಅತ್ತ ತಿರುಗಿಸಿ ಬಿರಡೆ ತಿರುವಿದಳು. ತಂತಿ ಕಿರ್ರೆಂದಿತು. ಇನ್ನೊಂದು ಚೂರು. ಅಂಗೈ ಬೆವರಿ ಬಿರಡೆ ಜಾರುತ್ತಿತ್ತು. ಸ್ವರ ಹತ್ತಿರ ಬಂತು, ಇನ್ನೂ ಹತ್ತಿರ ಬಂತು.

ಫಟ್ಟನೆ ತಂತಿ ಹರಿಯಿತು.

ಅಪ್ಪ ಪರದೆ ಕಿತ್ತುಕೊಂಡೇ ಓಡಿಬಂದ. “ಕಣ್ಣು ತೋರಿಸು, ಕಣ್ಣು ತೋರಿಸು” ಎಂದು ಅವಳ ಮುಖ ಹಿಡಿದುಕೊಂಡ. ಕಣ್ಣಿಗೆ ಏನೂ ಆಗಿರಲಿಲ್ಲ. ಮುಂಗೈ ಮೇಲೆ ಸಣ್ಣದೊಂದು ಕೆಂಪು ಗೆರೆ ಎದ್ದಿತ್ತು. ಚುರುಗುಟ್ಟುತ್ತಿತ್ತು. ಅದನ್ನೇ ಅವಳು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಹೆದರಿದ್ದು ಇದಕ್ಕೆ.

“ಹಳೇ ತಂತಿ ಅದು” ಅಂದ ಅಪ್ಪ. “ಬೇಡ ಬಿಡು ಮಗಾ, ಸಹಿ ಹಾಕು.”

“ಹೊಸದು ಕೊಡು.”

ಅಪ್ಪ ಅವಳ ಮುಖ ನೋಡಿದ, ಮುಂಗೈ ನೋಡಿದ. ಡ್ರಾಯರ್ ಎಳೆದು ಹೊಸ ತಂತಿ ತೆಗೆದ. ತಾನೇ ಕಟ್ಟಿದ, ಎಂದಿನಂತೆ ಅರ್ಧ ಸ್ವರ ಕೆಳಗಿರುವಷ್ಟಕ್ಕೇ ಬಿಗಿದು ಕೈ ಬಿಟ್ಟ. ಈ ಸಲ ಪರದೆಯ ಕಡೆ ಹೋಗಲಿಲ್ಲ. ಕನ್ನಡಕ ಮಗಳ ಮುಖದ ಮೇಲೇ ಇತ್ತು. ಅವಳ ಮಗ್ಗುಲಲ್ಲಿ ಸ್ಟೂಲ್ ಎಳೆದುಕೊಂಡು ಕುಳಿತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, “ತಿರುಗಿಸು” ಅಂದ.