ಸುಮ್ಮನಿರುವ ಪರೀಕ್ಷೆ

ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಒಂದೇ ಒಂದು ವಿಷಯದಲ್ಲಿ ಫೇಲಾಗುತ್ತಿದ್ದೆ. ಬಾಯಿ ಮುಚ್ಚಿಕೊಂಡಿರುವುದರಲ್ಲಿ.

ನಗಬೇಡಿ. ಕುಟುಂಬ ಮನೋಚಿಕಿತ್ಸೆಯ ಸ್ನಾತಕೋತ್ತರ ಓದಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಪುಸ್ತಕದ ಪಾಠಗಳಲ್ಲೆಲ್ಲ ನಾನೇ ಮುಂದು. ಕೊನೆಯದಾಗಿ ಒಂದು ನಿಜವಾದ ಕುಟುಂಬವನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಬೇಕು. ಏನು ಬೇಕಾದರೂ ಕೇಳಬಹುದು, ಬುದ್ಧಿವಾದ ಮಾತ್ರ ಹೇಳಕೂಡದು. ಕೋಣೆಯ ಗೋಡೆಯಲ್ಲಿ ದೊಡ್ಡದೊಂದು ಗಾಜಿದೆ. ನಮ್ಮ ಕಡೆಗೆ ಅದು ಕನ್ನಡಿ, ಆಚೆ ಕಡೆಗೆ ಕಿಟಕಿ. ಅದರ ಹಿಂದೆ ಕತ್ತಲಲ್ಲಿ ನನ್ನ ಸಹಪಾಠಿಗಳು ಮತ್ತು ನಮ್ಮ ಗುರು ಎರ್ಮಿನಿಯಾ ಮೇಡಂ. ನಾನು ದಾರಿ ತಪ್ಪುತ್ತಿದ್ದೇನೆ ಅನ್ನಿಸಿದರೆ ಮೇಡಂ ಅಲ್ಲಿಂದ ಫೋನ್ ಮಾಡುತ್ತಾರೆ, ನನ್ನ ಕುರ್ಚಿಯ ಪಕ್ಕದ ಫೋನು ಟ್ರಿಣ್ ಅನ್ನುತ್ತದೆ. ನನ್ನ ಸರದಿಯಲ್ಲಿ ಆ ಫೋನಿಗೆ ಬಿಡುವೇ ಇರುತ್ತಿರಲಿಲ್ಲ.

ತಪ್ಪು ನನ್ನದೊಬ್ಬಳದೇ ಅಲ್ಲ. ನಾನು ಬೆಳೆದದ್ದು ಅಮ್ಮನ ಬ್ಯೂಟಿ ಪಾರ್ಲರಿನಲ್ಲಿ. ಅಲ್ಲಿ ತಲೆಗೂದಲು ಕತ್ತರಿಸುವುದಕ್ಕೆ ದುಡ್ಡು, ಬುದ್ಧಿವಾದ ಪುಕ್ಕಟೆ. ಯಾರು ಯಾರನ್ನು ಮದುವೆಯಾಗಬೇಕು, ಯಾವ ಸೊಸೆಯನ್ನು ಎಲ್ಲಿಡಬೇಕು, ಎಲ್ಲ ಅಲ್ಲೇ ತೀರ್ಮಾನ. ಇಡೀ ರೊಸಾರಿಯೊ ಊರೇ ಹಾಗೆ. ಇಲ್ಲಿ ಮನಸ್ಸಿಗೆ ಡಾಕ್ಟರಿಲ್ಲದ ಮನುಷ್ಯನಿಲ್ಲ, ಇನ್ನೊಬ್ಬರ ಕಾಯಿಲೆಗೆ ಹೆಸರಿಡದ ಟ್ಯಾಕ್ಸಿ ಡ್ರೈವರಿಲ್ಲ.

ಮೊದಲ ಸಲ ಕಿತ್ತಾಡುತ್ತಿದ್ದ ಗಂಡ ಹೆಂಡತಿಗೆ, "ಇಬ್ರೂ ಬೇರೆ ಬೇರೆ ಫ್ಯಾನ್ ತಗೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯತ್ತೆ" ಅಂದುಬಿಟ್ಟೆ. ಎರಡನೆಯ ಸಲ ಒಬ್ಬ ಹುಡುಗನಿಗೆ, ಅವನ ತಾಯಿಯ ಎದುರಲ್ಲೇ, ಆ ಹುಡುಗಿ ನಿನಗಲ್ಲ ಕಣಪ್ಪ, ನೀನು ಮಾತು ಮಾತಿಗೂ ಹೆಸರೆತ್ತುತ್ತಿದ್ದೀಯಲ್ಲ, ಆ ಇನ್ನೊಬ್ಬಳನ್ನು ಕಟ್ಟಿಕೋ ಎಂದೆ. ಅವನು ಕಟ್ಟಿಕೊಂಡ. ಈಗಲೂ ಸುಖವಾಗಿದ್ದಾರೆ, ಮದುವೆಯ ಕೇಕು ಕೂಡ ಕಳಿಸಿದ್ದರು. ಅದನ್ನು ಹಿಡಿದುಕೊಂಡು ಮೇಡಂ ಹತ್ತಿರ ಹೋದೆ.

"ನೋಡಿ ಮೇಡಂ, ನಾನ್ ಹೇಳಿದ್ದು ಸರಿಯಾಯ್ತಲ್ಲ!"

ಮೇಡಂ ಕೇಕು ತಿಂದರು, ಬಾಯಿ ಒರೆಸಿಕೊಂಡರು. "ಸರಿಯಾಯ್ತು ಗ್ರಿಸೆಲ್ದಾ. ಅದಕ್ಕೇ ನಂಗೆ ಭಯ. ತಪ್ಪಾಗಿದ್ರೆ ನೀನು ಬುದ್ಧಿ ಕಲೀತಿದ್ದೆ. ಫೇಲು."

ಇನ್ನುಳಿದದ್ದು ಮೂರನೆಯ ಸಲ. ಅದೂ ಹೋದರೆ ಓದು ಅಲ್ಲಿಗೇ ಮುಗಿಯಿತು, ಪದವಿಯೂ ಇಲ್ಲ, ನಾನು ಕನಸು ಕಂಡಿದ್ದ ಸ್ವಂತ ಕೋಣೆಯೂ ಇಲ್ಲ. ನನ್ನ ಗಂಡ ಎಲ್ವಿಯೊ ಆ ಬೆಳಿಗ್ಗೆ ನನ್ನ ಕೈಯಲ್ಲೊಂದು ಅಂಟು ಮಿಠಾಯಿ ಇಟ್ಟ.

"ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೆ. ಇದನ್ನ ಬಾಯಿಗ್ ಹಾಕ್ಕೊಂಡ್ ಕೂತ್ಕೋ. ಹಲ್ಲು ಹಲ್ಲು ಅಂಟ್ಕೊಂಡ್ರೆ ಹ್ಯಾಗ್ ಮಾತಾಡ್ತೀಯ ನೋಡೋಣ."

"ಲೇ, ನಂಗೂ ಸ್ವಲ್ಪ ಸಂಯಮ ಇದೆ."

"ಎಲ್ಲಿಟ್ಟಿದೀಯ? ಮದುವೆ ಆದಾಗಿಂದ ಹುಡುಕ್ತಿದೀನಿ."

ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡೇ ಹೊರಟೆ. ಬಸ್ಸಿಳಿಯುವ ಹೊತ್ತಿಗೆ ಅದು ಕರಗಿಹೋಗಿತ್ತು.

ಬಂದವರು ಮೂವರು. ಎಪ್ಪತ್ತು ದಾಟಿದ ದೆಲ್ಮಿರಾ ಅಜ್ಜಿ, ಅವರ ಮಗಳು ಮಿರ್ತಾ, ಅಳಿಯ ಒಸ್ವಾಲ್ದೊ. ಅಜ್ಜಿ ಗಟ್ಟಿಮುಟ್ಟಾಗಿದ್ದರು. ಮುಖ ಬಿಸಿಲಿಗೆ ಕಂದಿತ್ತು. ನಮ್ಮೂರಲ್ಲಿ ನಮಸ್ಕಾರ ಅಂದರೆ ಅದೇ, ನನ್ನ ಕೆನ್ನೆಗೆ ಮುತ್ತು ಕೊಟ್ಟರು. ನಾನು ನಿಯಮದಂತೆ ಗಾಜಿನ ವಿಷಯ ಹೇಳಿ, ಹಿಂದೆ ನಮ್ಮ ತಂಡದವರು ಕೂತು ನೋಡುತ್ತಾರೆ, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದೆ.

"ಅಯ್ಯೋ, ಜನ ಇದಾರಾ ಅಲ್ಲಿ?" ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟರು. "ಅವ್ರಿಗೆ ಮುತ್ತು ಕೊಡದೆ ಕೂತ್ಕೊಳ್ಳೋದಾ? ನಮ್ಮಮ್ಮ ನನ್ನನ್ನ ಹಾಗೆ ಬೆಳೆಸಿಲ್ಲಮ್ಮ."

ತಡೆಯುವಷ್ಟರಲ್ಲಿ ಅಜ್ಜಿ ಹೊರಗೆ. ಪಕ್ಕದ ಕತ್ತಲು ಕೋಣೆಯ ಬಾಗಿಲು ತೆಗೆದ ಸದ್ದು, ಕುರ್ಚಿಗಳು ಸರಿದ ಸದ್ದು, ಆಮೇಲೆ ಮುಚ್, ಮುಚ್, ಮುಚ್ ಎಂದು ಸಾಲಾಗಿ ಮುತ್ತುಗಳು. ನಗು. ಇಷ್ಟು ವರ್ಷಗಳಲ್ಲಿ ಆ ಬಾಗಿಲನ್ನು ಒಂದು ಕುಟುಂಬವೂ ತೆಗೆದಿರಲಿಲ್ಲ. ಅಜ್ಜಿ ವಾಪಸ್ಸು ಬಂದು ಕೂತು ಲಂಗ ಸರಿಮಾಡಿಕೊಂಡರು. "ಒಬ್ರು ತುಂಬಾ ಗಂಭೀರ. ನಗಲ್ವೇನೋ ಅನ್ಕೊಂಡೆ. ಕೊನೆಗೆ ನಕ್ರು ಪಾಪ."

ಎರ್ಮಿನಿಯಾ ಮೇಡಂ ನಕ್ಕರೇ! ನಾನು ಕನ್ನಡಿಯ ಕಡೆ ನೋಡಿದೆ. ಅಲ್ಲಿ ಕಂಡದ್ದು ನನ್ನದೇ ತೆರೆದ ಬಾಯಿ.

ಸಮಸ್ಯೆಯನ್ನು ಮಿರ್ತಾ ಹೇಳಿದಳು. ಅಮ್ಮ ಭಾನುವಾರದ ರವಿಯೋಲಿ ನಿಲ್ಲಿಸಿಬಿಟ್ಟಿದ್ದಾಳೆ. ಅಪ್ಪ ಇದ್ದಾಗಲೂ, ಅಪ್ಪ ಹೋದ ಮೇಲೂ, ಎಂದೂ ತಪ್ಪದೆ ಹಿಟ್ಟು ಕಲಸಿ, ಸೊಪ್ಪು ತುಂಬಿ, ಕುದಿಯುವ ನೀರಲ್ಲಿ ಬೇಯಿಸಿ, ಇಡೀ ಮನೆಮಂದಿಯನ್ನು ಕರೆದು ಬಡಿಸುತ್ತಿದ್ದವಳು. ಈ ವಸಂತದಲ್ಲಿ ಒಂದು ದಿನ ಇನ್ನು ಮಾಡುವುದಿಲ್ಲ ಅಂದಳು. ಯಾಕೆ ಎಂದರೆ ಬಾಯಿ ಬಿಡುವುದಿಲ್ಲ. ಭಾನುವಾರ ಫೋನು ಎತ್ತುವುದಿಲ್ಲ, ಬಾಗಿಲೂ ತೆಗೆಯುವುದಿಲ್ಲ.

"ಇದು ಡಿಪ್ರೆಶನ್ನೇ ಡಾಕ್ಟ್ರೇ," ಮಿರ್ತಾ ಕಣ್ಣೊರೆಸಿಕೊಂಡಳು. "ನನ್ನ ಥೆರಪಿಸ್ಟೂ ಅದನ್ನೇ ಹೇಳ್ತಾರೆ."

"ನನ್ ಥೆರಪಿಸ್ಟ್ ಹಾಗನ್ನಲ್ಲ," ಒಸ್ವಾಲ್ದೊ ಎಂದ. "ಅತ್ತೆಗೆ ಮಾವನ ಮೇಲೆ ಕೋಪ ಅಂತೆ. ಸತ್ತೋರ್ ಮೇಲೆ ತೀರಿಸ್ಕೊಳ್ಳಕ್ಕಾಗಲ್ಲ, ಅದಕ್ಕೆ ರವಿಯೋಲಿ ಮೇಲೆ."

"ನಿನ್ ಥೆರಪಿಸ್ಟ್ ಎಲ್ಲದಕ್ಕೂ ಕೋಪ ಅಂತಾನೆ. ನಿನ್ ಬೆನ್ನು ನೋವಿಗೂ ಕೋಪ ಅಂದ."

"ಕಡಿಮೆ ಆಯ್ತಲ್ಲ!"

"ಹಾಸಿಗೆ ಬದಲಾಯಿಸಿದ್ವಿ, ಅದಕ್ಕೆ!"

ಇಬ್ಬರ ಥೆರಪಿಸ್ಟುಗಳು ಅಲ್ಲಿಲ್ಲದೆಯೇ ಜುಟ್ಟು ಜುಟ್ಟು ಹಿಡಿದುಕೊಂಡರು. ಅಜ್ಜಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ನನಗೋ ನಾಲಿಗೆ ತುರಿಸುತ್ತಿತ್ತು. ಹೇಳಬೇಕಾದ್ದು ಎಷ್ಟು ಸ್ಪಷ್ಟವಾಗಿತ್ತು! ಆಕೆಗೆ ಸಾಕಾಗಿದೆ, ಒಂದು ವಾರ ಅವರು ಮಾಡಲಿ, ಒಂದು ವಾರ ನೀವು ಮಾಡಿ. ಇಷ್ಟೇ ತಾನೇ? ಉಸಿರೆಳೆದುಕೊಂಡೆ. ನನ್ನ ಆ ಉಸಿರು ಮೇಡಮ್ಮಿಗೆ ಗೊತ್ತು.

ಟ್ರಿಣ್.

ನಾನು ಕೈ ಚಾಚುವ ಮೊದಲೇ ಅಜ್ಜಿ ಫೋನ್ ಎತ್ತಿದರು. "ಹಲೋ? ಹೂಂ, ದೆಲ್ಮಿರಾನೇ. ನೀವು ಆ ಗಂಭೀರದೋರಲ್ವಾ? ಹೇಳಿ... ಅವಳಿಗಾ? ಕೊಡ್ತೀನಿ ಬಿಡಿ, ಏನಂತ ಹೇಳಿ, ನಾನೇ ಹೇಳ್ತೀನಿ... ಅಷ್ಟೇನಾ?" ನನ್ನ ಕಡೆ ತಿರುಗಿದರು. "ನೀನು ಸುಮ್ನಿರ್ಬೇಕಂತೆ ಕಣಮ್ಮ."

ನನ್ನ ಮುಖ ಮೆಣಸಿನಕಾಯಿಯ ಹಾಗೆ ಕೆಂಪಾಯಿತು.

ಅಜ್ಜಿ ಮತ್ತೆ ಫೋನಿಗೆ, "ಇವಳು ಬಾಯೇ ಬಿಟ್ಟಿಲ್ಲ ಪಾಪ. ಮಾತಾಡ್ತಿರೋದು ನಮ್ಮೋರು. ಅವ್ರಿಗೂ ಹೇಳ್ಲಾ? ... ಬೇಡ ಅನ್ಬೇಡಿ, ಹೇಳ್ತೀನಿ." ಮಗಳು ಅಳಿಯರ ಕಡೆ ಬೆರಳು ತೋರಿಸಿದರು. "ನೀವಿಬ್ರೂ ಸುಮ್ನಿರ್ಬೇಕಂತೆ. ದೊಡ್ಡ ಡಾಕ್ಟ್ರ ಅಪ್ಪಣೆ ಆಗಿದೆ." ಫೋನ್ ಇಟ್ಟರು.

ಮಿರ್ತಾ ಬಾಯಿ ತೆರೆದು ಕನ್ನಡಿಯ ಕಡೆ ನೋಡಿ ಮುಚ್ಚಿದಳು. ಒಸ್ವಾಲ್ದೊ ಬೂಟಿನ ತುದಿ ನೋಡಿದ. ಹೊರಗೆ ಬೀದಿಯಲ್ಲಿ ಬಸ್ಸೊಂದು ಬ್ರೇಕು ಹಾಕಿದ್ದು ಕೇಳಿಸಿತು. ನಾನು ಉಗುರುಗಳನ್ನು ಅಂಗೈಗೆ ಒತ್ತಿಕೊಂಡು ಕೂತೆ. ದೇವರಾಣೆ, ಹೆರಿಗೆ ನೋವನ್ನು ತಡೆದುಕೊಂಡಿದ್ದೇನೆ, ಅದು ಇಷ್ಟು ಕಷ್ಟವಾಗಿರಲಿಲ್ಲ.

"ನಾನು ದೋಣಿ ನಡೆಸ್ತೀನಿ," ಅಜ್ಜಿ ಎಂದರು.

ಒಸ್ವಾಲ್ದೊ ಬೂಟಿನಿಂದ ತಲೆಯೆತ್ತಿದ.

"ಭಾನುವಾರ. ಪರಾನಾ ನದೀಲಿ. ನಮ್ ಥರದೋರೇ ಒಂದಷ್ಟು ಹೆಂಗಸರು ಇದೀವಿ. ಮೊದ್ಲು ಈಜು ಕಲಿಸಿದ್ರು, ಆಮೇಲೆ ಹುಟ್ಟು ಹಾಕೋದು. ಆಚೆ ದ್ವೀಪದವರೆಗೂ ಹೋಗಿ ಬರ್ತೀವಿ." ಅಂಗೈ ಚಾಚಿ ತೋರಿಸಿದರು. ದಪ್ಪ ದಪ್ಪ ಗುಳ್ಳೆಗಳು ಒಣಗಿ ಗಟ್ಟಿಯಾಗಿದ್ದವು. "ನಿಮ್ಮಪ್ಪ ಪ್ರತಿ ಭಾನುವಾರ ಮೀನು ಹಿಡಿಯಕ್ಕೆ ಹೋಗ್ತಿದ್ರು. ನಾನೂ ಬರ್ತೀನಿ ಅಂದ್ರೆ, ಹೆಂಗಸ್ರು ಬಂದ್ರೆ ಮೀನು ಬರಲ್ಲ ಅಂತಿದ್ರು. ನದಿ ಪಕ್ಕದಲ್ಲೇ ಹುಟ್ಟಿ ಬೆಳೆದು ಮುದುಕಿಯಾದೆ. ಆಚೆ ದಡ ಹ್ಯಾಗಿದೆ ಅಂತ ನೋಡಿರ್ಲಿಲ್ಲ."

"ಅಮ್ಮಾ!" ಮಿರ್ತಾ ಎದ್ದು ನಿಂತಳು. "ಆ ನದಿನಾ? ಎಷ್ಟು ಜನಾನ ನುಂಗಿದೆ ಅದು! ನಿನ್ ಹೃದಯ? ನಿನ್ ವಯಸ್ಸು?"

"ಅದಕ್ಕೇ ಹೇಳ್ಲಿಲ್ಲ. ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ. ನೀನು ಅತ್ರೆ ನಂಗೆ ಹೋಗಕ್ಕಾಗಲ್ಲ."

ತಾಯಿಯ ದನಿ ಅಲ್ಲಿ ಒಡೆಯಿತು. ಮಗಳು ಅಳುತ್ತಲೇ ಇದ್ದಳು. ಅಜ್ಜಿಗೆ ಆ ಭಾನುವಾರಗಳು ಎಷ್ಟು ಬೇಕಾಗಿದ್ದವು, ಮಗಳ ಒಂದು ಹನಿ ಕಣ್ಣೀರಿಗೆ ಅವನ್ನು ಬಿಟ್ಟುಕೊಡಲು ಎಷ್ಟು ಸಿದ್ಧರಾಗಿದ್ದರು, ಎರಡೂ ಕಾಣುತ್ತಿದ್ದವು. ಅವರು ನನ್ನ ಕಡೆ ತಿರುಗಿದರು.

"ನೀನೇ ಹೇಳಮ್ಮ. ಓದಿದೋಳು. ನಾನು ಹೋಗ್ಲಾ, ಬಿಟ್ಬಿಡ್ಲಾ?"

ಮೂವರೂ ನನ್ನನ್ನೇ ನೋಡಿದರು. ಫೋನು ಬಡಿದುಕೊಳ್ಳಲಿ ಎಂದು ಕಾದೆ. ಬಡಿದುಕೊಳ್ಳಲಿಲ್ಲ. ಮೇಡಂ ನನ್ನನ್ನು ನನಗೇ ಬಿಟ್ಟಿದ್ದರು.

ಬಾಯ ತುದಿಯಲ್ಲಿ ಸಲಹೆ ಸಿದ್ಧವಾಗಿತ್ತು. ಒಂದು ವಾರ ದೋಣಿ, ಒಂದು ವಾರ ರವಿಯೋಲಿ, ಲೈಫ್ ಜಾಕೆಟ್ ಕಡ್ಡಾಯ, ಮಗಳು ದಡದಲ್ಲಿ ನಿಂತು ಕಾಯುವುದು. ಚೆನ್ನಾಗಿಯೇ ಇತ್ತು, ನಮ್ಮಮ್ಮನ ಪಾರ್ಲರಿನಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಆ ಗುಳ್ಳೆಬಿದ್ದ ಅಂಗೈ ಇನ್ನೂ ತೊಡೆಯ ಮೇಲೆ ತೆರೆದೇ ಇತ್ತು. ಅದನ್ನು ನೋಡುತ್ತ ನನಗೆ ಒಂದು ವಿಷಯ ಹೊಳೆಯಿತು. ಆ ನದಿಯಲ್ಲಿ ಹುಟ್ಟು ಹಾಕಿದವಳು ನಾನಲ್ಲ. ಆ ತಾಯಿಗೆ ಏನಾಗಿಬಿಡುತ್ತದೋ ಎಂದು ಹೆದರುವ ಮಗಳೂ ನಾನಲ್ಲ.

"ನಂಗೊತ್ತಿಲ್ಲ ಅಜ್ಜಿ," ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಎಲ್ವಿಯೊ ಇದ್ದಿದ್ದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದ.

"ಗೊತ್ತಿಲ್ವಾ?" ಒಸ್ವಾಲ್ದೊ ಕಣ್ಣರಳಿಸಿದ. "ಮತ್ತೆ ಇಷ್ಟೆಲ್ಲ ಓದಿದ್ದು?"

ಅಜ್ಜಿಗೆ ನಗು ಬಂತು. ಮೊದಲು ಹೊಟ್ಟೆಯಲ್ಲೇ, ಆಮೇಲೆ ಭುಜ ಕುಣಿಸುತ್ತ, ಆಮೇಲೆ ಗೊಳ್ಳೆಂದು. "ಅಂತೂ ಈ ಊರಲ್ಲಿ ಗೊತ್ತಿಲ್ಲ ಅನ್ನೋ ಡಾಕ್ಟ್ರೊಬ್ಬರು ಸಿಕ್ಕಿದ್ರು!" ಒಸ್ವಾಲ್ದೊನೂ ನಕ್ಕ. ಮಿರ್ತಾ ನಗಲಿಲ್ಲ. ನಿಂತೇ ಇದ್ದಳು, ಆದರೆ ಅಳು ನಿಂತಿತ್ತು. ನಾನು ಕಾದೆ. ಈ ಸಲ ಉಗುರು ಒತ್ತಿಕೊಳ್ಳಬೇಕಾಗಲಿಲ್ಲ.

ಮಿರ್ತಾ ಸಣ್ಣ ದನಿಯಲ್ಲಿ ಕೇಳಿದಳು. "ಆಚೆ ದಡದಲ್ಲಿ ಏನಿದೆ ಅಮ್ಮ?"

"ಏನೂ ಇಲ್ಲ ಮಗಳೇ. ಮರಳು. ನೀರಿಗೆ ಬಗ್ಗಿರೋ ಮರ. ಅಂತರಗಂಗೆ ತೇಲ್ಕೊಂಡ್ ಬಂದು ದಡಕ್ಕೆ ಸಿಕ್ಕಾಕ್ಕೊಂಡಿರತ್ತೆ. ಕೂತ್ಕೊಂಡು ಈ ಕಡೆ ನೋಡಿದ್ರೆ ಊರೆಲ್ಲ ಒಂದು ಗೇಣು. ನಮ್ಮನೆ ಎಲ್ಲಿದೆ ಅಂತ ಹುಡುಕ್ತೀನಿ. ಕಾಣಲ್ಲ. ಎಷ್ಟ್ ಖುಷಿ ಆಗತ್ತೆ ಗೊತ್ತಾ, ಕಾಣದೇ ಇರೋದು!"

ಮಿರ್ತಾಳ ಮುಖ ಬಾಡಿತು. ಮರುಕ್ಷಣವೇ ಅವಳಿಗೂ ತಡೆಯಲಾಗಲಿಲ್ಲ, ಮೂಗಿನಲ್ಲೇ ಪುಸಕ್ಕನೆ ನಕ್ಕಳು. "ಥೂ, ಏನಮ್ಮ ನೀನು! ನಾವು ಅಷ್ಟ್ ಬೇಜಾರಾ?"

"ಬೇಜಾರಲ್ಲ. ವಾಪಸ್ ಬರ್ತಾ ಹೊಟ್ಟೆ ಎಷ್ಟು ಹಸಿದಿರತ್ತೆ! ನೀವೆಲ್ಲ ಟೇಬಲ್ ಸುತ್ತ ಇದ್ರೆ ಅಂತ ಪ್ರತಿ ಸಲ ಅನ್ಸತ್ತೆ. ಮನೇಗ್ ಬಂದ್ರೆ ಒಂದು ತುಂಡು ಬ್ರೆಡ್ಡು." ಅಜ್ಜಿ ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಹೀಗ್ ಮಾಡೋಣ. ನಾನು ಹೋಗೇ ಹೋಗ್ತೀನಿ. ರವಿಯೋಲಿ ನೀವು ಮಾಡಿ. ನಾನು ಹಸ್ಕೊಂಡು ಬರ್ತೀನಿ."

"ಮನೇಲಿ ಕೂತು ಪ್ರಾಣ ಕೈಲಿ ಹಿಡ್ಕೊಂಡಿರಕ್ಕೆ ನಂಗಾಗಲ್ಲ," ಮಿರ್ತಾ ಎಂದಳು. "ದಡದವರೆಗೂ ಬರ್ತೀನಿ. ನೀನು ವಾಪಸ್ ಬರೋವರೆಗೂ ಅಲ್ಲೇ ಇರ್ತೀನಿ."

"ಹಾಗಾದ್ರೆ ಅಡುಗೆಗೆ ಯಾರು?"

ತಾಯಿ ಮಗಳು ಒಟ್ಟಿಗೇ ಒಸ್ವಾಲ್ದೊನ ಕಡೆ ತಿರುಗಿದರು.

"ನಾನಾ?" ಅವನು ಕುರ್ಚಿಗೆ ಅಂಟಿಕೊಂಡ. "ನಂಗೆ ನೀರು ಕಾಯ್ಸಕ್ಕೂ ಬರಲ್ಲ ಅತ್ತೆ!"

"ಬರಲ್ಲ ಅಂದ್ರೆ ಕಲೀತೀಯ. ನಾನು ಈ ವಯಸ್ಸಲ್ಲಿ ಈಜು ಕಲ್ತಿಲ್ವಾ? ಶನಿವಾರ ಬಾ, ನಾನು ಕುರ್ಚಿ ಹಾಕ್ಕೊಂಡ್ ಕೂತು ಹೇಳ್ತೀನಿ, ನೀನು ಕಲಸು. ಕೋಪ ಇದ್ರೆ ಹಿಟ್ಟಿನ ಮೇಲೆ ತೀರಿಸ್ಕೋ, ಒಳ್ಳೇದು."

ಗಾಜಿನ ಹಿಂದಿನಿಂದ ನಗು ಕೇಳಿಸಿತು. ಗಾಜು ದಪ್ಪ, ಅಲ್ಲಿಂದ ಏನೂ ಕೇಳಿಸಬಾರದು. ಅಷ್ಟು ಜೋರಾಗಿ ನಕ್ಕಿದ್ದರು.

ಮುಂದಿನ ವಾರ ಮತ್ತೆ ಬರುವುದಾಗಿ ಹೇಳಿ ಅವರು ಹೋದ ಮೇಲೆ ನಾನು ಹೊರಗೆ ಪಾದಚಾರಿ ದಾರಿಯಲ್ಲಿ ನಿಂತೆ. ಬೀದಿಯ ಉದ್ದಕ್ಕೂ ಜಕರಂದಾ ಹೂವು ಬಿದ್ದು ನೆಲ ನೇರಳೆಯಾಗಿತ್ತು. ಕಣ್ಣಲ್ಲಿ ನೀರು ತುಂಬಿತ್ತು, ಯಾಕೆ ಅಂದರೆ ಸಂತೋಷಕ್ಕೆ, ಇನ್ನೇನು. ನಾನು ಹೇಳಬೇಕೆಂದಿದ್ದ ವ್ಯವಸ್ಥೆಯಲ್ಲಿ ಒಸ್ವಾಲ್ದೊ ಅನ್ನುವವನೇ ಇರಲಿಲ್ಲ. ಆ ಹಸಿವೂ ಇರಲಿಲ್ಲ.

ಎರ್ಮಿನಿಯಾ ಮೇಡಂ ಬಂದು ಪಕ್ಕದಲ್ಲಿ ನಿಂತರು. ಅವರ ಕೆನ್ನೆಯ ಮೇಲೆ ಅಜ್ಜಿಯ ತುಟಿಬಣ್ಣ ಹಾಗೇ ಇತ್ತು.

"ಪಾಸು," ಅಂದರು. "ಇನ್ನು ಹೇಳು. ಒಂದು ಗಂಟೆಯಿಂದ ನುಂಗಿಟ್ಟಿದ್ದೆಲ್ಲ ಕಕ್ಕು, ಕೇಳ್ತೀನಿ. ನಿನ್ ಋಣ ಅಷ್ಟಿದೆ ನನ್ ಮೇಲೆ."

ನಾನು ಬಾಯಿ ತೆರೆದೆ. ಆಶ್ಚರ್ಯ, ಹೇಳುವುದಕ್ಕೆ ಏನೂ ಬರಲಿಲ್ಲ. ಮೇಡಂ ಕಾದರು.

"ಮೇಡಂ, ಒಸ್ವಾಲ್ದೊ ಮಾಡೋ ರವಿಯೋಲಿ ನೀರಲ್ಲಿ ಬಿಚ್ಕೊಳ್ಳತ್ತಾ, ಇಲ್ವಾ?" ಎಂದೆ. "ಅದೊಂದು ಕೇಳ್ಬೇಕು. ಮುಂದಿನ ವಾರ ಬರ್ತಾರಲ್ಲ, ಅಲ್ಲೀವರೆಗೆ ಹ್ಯಾಗಿರೋದು?"

ಮೇಡಂ ನನ್ನ ತೋಳಿಗೆ ತೋಳು ಸೇರಿಸಿದರು. "ನಂಗೂ ಅದೇ ಚಿಂತೆ ಕಣೆ," ಅಂದರು.