ಒಳಗಿನ ಗಾಳಿಯ ಬಟನ್

ಶಾಲೆಯ ಮಕ್ಕಳನ್ನು ಕರೆತರುವ ಆ ವ್ಯಾನಿನ ಡ್ರೈವರನ್ನು ಮಕ್ಕಳು ಮೀಸೆ ಮಾಮ ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಮಕ್ಕಳನ್ನು ಹತ್ತಿಸಿ ಇಳಿಸುವವಳು ಅವನ ಹೆಂಡತಿ. ಮಾಮನ ಹೆಂಡತಿ ಅತ್ತೆಯೇ ತಾನೆ, ಹಾಗಾಗಿ ಪಾಪ, ಅವಳು ಮೀಸೆ ಅತ್ತೆಯಾದಳು. ಮೊದಮೊದಲು ಈ ಹೆಸರಿಗೆ ಅವಳೂ ನಗುತ್ತಿದ್ದಳು. ಈಗ ನಗುವುದಕ್ಕೂ ತ್ರಾಣವಿರಲಿಲ್ಲ.

ದಿನಾ ಸಂಜೆ ಅವಳಿಗೆ ತಲೆನೋವು. ಮನೆಗೆ ಬಂದವಳೇ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು, ಹಲ್ಲಿನ ಡಾಕ್ಟರು ಹಲ್ಲು ಕಿತ್ತರು. ತಲೆನೋವು ಮಾತ್ರ ಕದಲಲಿಲ್ಲ. ಇನ್ನು ನನ್ನ ಕೈಲಾಗಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಅವಳು ಹೇಳಿಯೇ ಬಿಟ್ಟಿದ್ದಳು. ಜೊತೆಗೊಬ್ಬ ಹೆಂಗಸಿಲ್ಲದೆ ಶಾಲೆಯವರು ವ್ಯಾನ್ ಓಡಿಸಲು ಬಿಡುವುದಿಲ್ಲ. ಅವಳು ಬಿಟ್ಟರೆ ಅವನ ಕೆಲಸಕ್ಕೂ ಕುತ್ತು. ಎಸಿಯ ತಂಪಿನಲ್ಲಿ ಸುಮ್ಮನೆ ಕೂರುವವಳಿಗೆ ಅದೆಂಥ ಆಯಾಸ, ಎಲ್ಲ ನೆಪ ಎಂದು ಮೀಸೆ ಮೂಗು ಮುರಿದ.

ಅವನ ವ್ಯಾನಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಬೇರೆ ವ್ಯಾನುಗಳಲ್ಲಿ ಮಕ್ಕಳು ಕಿರುಚಾಡಿ, ಜಡೆ ಎಳೆದಾಡಿ ಡ್ರೈವರನ ಪ್ರಾಣ ಹಿಂಡುತ್ತಿದ್ದವು. ಇವನದರಲ್ಲಿ ಎರಡು ತಿರುವು ಕಳೆಯುವಷ್ಟರಲ್ಲಿ ಎಲ್ಲಕ್ಕೂ ನಿದ್ದೆ. ಎಷ್ಟು ನಯವಾಗಿ ಓಡಿಸುತ್ತೀರಪ್ಪಾ ಎಂದು ತಾಯಂದಿರು ಹೊಗಳಿದರೆ ಅವನಿಗೆ ಕೋಡು ಮೂಡುತ್ತಿತ್ತು. ಹಿಂದಿನ ವರ್ಷ ರಸ್ತೆ ಅಗೆದು ಧೂಳೆದ್ದಿದ್ದಾಗ, ಎಸಿಯ ಪಕ್ಕದಲ್ಲಿದ್ದ, ಹೊರಗಿನ ಗಾಳಿ ತಡೆಯುವ ಬಟನ್ ಒತ್ತಿದ್ದ. ಧೂಳು ಅಡಗಿತು, ರಸ್ತೆಗೆ ಡಾಂಬರೂ ಬಿತ್ತು. ಬಟನ್ ಮಾತ್ರ ಹಾಗೇ ಉಳಿಯಿತು. ತಂಪೂ ಬೇಗ ಬರುತ್ತಿತ್ತು, ಮಕ್ಕಳೂ ತಣ್ಣಗಿದ್ದವು. ದಣಿದ ಮನುಷ್ಯ ಸಿಕ್ಕ ಸುಖಕ್ಕೆ ಕಾರಣ ಹುಡುಕುತ್ತಾ ಕೂರುವುದಿಲ್ಲ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಮೀಸೆಯ ಮಣಿಕಟ್ಟು ಉಳುಕಿತು. ಅವತ್ತೇ ಹೆಂಡತಿಯೂ ಹಾಸಿಗೆ ಬಿಟ್ಟೇಳಲಿಲ್ಲ. ಅವಳ ತಮ್ಮ, ಕಾರುಗಳ ಎಸಿ ರಿಪೇರಿ ಮಾಡುವವನು, ಸ್ಟೇರಿಂಗ್ ಹಿಡಿಯಲು ಒಪ್ಪಿದ. ಶಾಲೆಯವರ ಕೈಕಾಲು ಹಿಡಿದು, ಆ ಒಂದು ದಿನದ ಮಟ್ಟಿಗೆ ಹೆಂಡತಿಯ ಜಾಗದಲ್ಲಿ ಮೀಸೆ ತಾನೇ ಕೂತ. ಬೆಳಿಗ್ಗೆ ಮಕ್ಕಳನ್ನು ಅವರವರ ಮನೆಯವರೇ ಬಿಟ್ಟಿದ್ದರು. ಮಧ್ಯಾಹ್ನ ಶಾಲೆ ಬಿಟ್ಟು ಹೊರಟಾಗ ಬಾಮೈದನ ಕೈ ಆ ಬಟನ್ನಿನ ಕಡೆ ಹೋದದ್ದೇ ತಡ, ಅದನ್ನು ಮುಟ್ಟಬೇಡ, ನನ್ನ ವ್ಯಾನಿನ ಲೆಕ್ಕವೇ ಬೇರೆ ಎಂದು ಹಿಂದಿನಿಂದ ಗದರಿದ. ಭಾವನ ವ್ಯಾನು, ಭಾವನ ಮಾತು, ಬಾಮೈದ ಕೈ ಹಿಂತೆಗೆದ. ತನ್ನ ಪಕ್ಕದ ಗಾಜನ್ನೂ, ಮೀಸೆ ಯಾವಾಗಲೂ ಬಿಡುತ್ತಿದ್ದಂತೆ, ಎರಡು ಬೆರಳಷ್ಟು ಇಳಿಸಿಯೇ ಇಟ್ಟ.

ಮೊದಲ ತಿರುವಿನಲ್ಲೇ ಮೀಸೆಗೆ ಆಕಳಿಕೆ ಬಂತು. ಬೂಟು, ಬೆವರು, ಊಟದ ಡಬ್ಬಿಗಳ ವಾಸನೆ ತಣ್ಣಗೆ ಮುಖಕ್ಕೆ ತಾಗಿ ಹೋಗಿ, ಸುತ್ತಿಕೊಂಡು ಮತ್ತೆ ಅದೇ ಬರುತ್ತಿತ್ತು. ಹಣೆಯ ಎರಡೂ ಪಕ್ಕ ಯಾರೋ ಅದುಮಿ ಹಿಡಿದ ಹಾಗಾಯಿತು. ಪಕ್ಕದಲ್ಲಿ ಕೂತಿದ್ದ ಪುಟ್ಟಿ ಅವನ ತೋಳಿಗೆ ಒರಗಿ ನಿದ್ದೆಹೋದಳು. ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ ಅಂದುಕೊಂಡ.

ಮುಂದೆ ಎಲ್ಲಿ ನಿಲ್ಲಿಸಬೇಕು ಎಂದು ಕೇಳಿ ಕೇಳಿ ಸಾಕಾಗಿ ಬಾಮೈದ ಕೂಗಿಕೊಂಡಾಗಲೇ ಅವನಿಗೆ ಎಚ್ಚರ. ಪುಟ್ಟಿಯ ಮನೆ ದಾಟಿ ಬಹಳ ದೂರ ಬಂದಾಗಿತ್ತು. ವ್ಯಾನು ತಿರುಗಿಸಿಕೊಂಡು ಹೋದರೆ ಅವಳ ಅಜ್ಜಿ ಚಪ್ಪಲಿಯೂ ಇಲ್ಲದೆ ರಸ್ತೆಯ ಮಧ್ಯೆ ಓಡೋಡಿ ಬರುತ್ತಿದ್ದಳು. ಮೊಮ್ಮಗಳನ್ನು ಎತ್ತಿಕೊಂಡ ಮುದುಕಿ ವ್ಯಾನಿನ ಕಡೆ ತಿರುಗಿಯೂ ನೋಡದೆ ಮನೆಯ ಕಡೆ ನಡೆದಳು. ನಾಲ್ಕು ಮಾತು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಮೀಸೆಗೆ.

ಎಲ್ಲ ಮಕ್ಕಳೂ ಇಳಿದ ಮೇಲೆ ಬಾಮೈದ ವ್ಯಾನು ನಿಲ್ಲಿಸಿ ಆ ಬಟನ್ ಆಫ್ ಮಾಡಿದ.

“ಇದು ಹಾಕಿದ್ರೆ ಹೊರಗಿನ ಗಾಳಿ ಒಳಗೆ ಬರಲ್ಲ ಭಾವ. ಒಳಗಿರೋದನ್ನೇ ತಂಪು ಮಾಡಿ ಮಾಡಿ ಕೊಡುತ್ತೆ. ಧೂಳು, ಹೊಗೆ ಇದ್ದಾಗ ಸ್ವಲ್ಪ ಹೊತ್ತು ಹಾಕಿ ತೆಗೀಬೇಕು. ಇಷ್ಟು ಜನ ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳ್ಕೊಂಡ್ರೆ ಮಂಪರು ಬರದೆ ಇನ್ನೇನಾಗುತ್ತೆ?”

ಹಾಗಾದರೆ ತನಗೇಕೆ ಯಾವತ್ತೂ ಬರಲಿಲ್ಲ ಎಂದು ಮೀಸೆ ಕೇಳಿದ. ಬಾಮೈದ ಡ್ರೈವರ್ ಬಾಗಿಲ ಗಾಜಿನ ಆ ಎರಡು ಬೆರಳಿನ ಸಂದಿ ತೋರಿಸಿದ. ಅವನೊಬ್ಬನ ಮೂಗಿಗೆ ಅಷ್ಟು ಸಾಕಾಗಿತ್ತು. ಹಿಂದಿನ ಸೀಟಿಗೆ ಮುಟ್ಟುವಷ್ಟು ಅದರಲ್ಲೇನಿತ್ತು? ಮೀಸೆಯ ಮುಖ ಸಣ್ಣದಾಯಿತು.

ಮನೆಯಲ್ಲಿ ಹೆಂಡತಿ ಎದ್ದು ಕೂತಿದ್ದಳು. ಒಂದು ದಿನ ವ್ಯಾನು ಹತ್ತದಿದ್ದಕ್ಕೇ ಮುಖಕ್ಕೆ ಕಳೆ ಬಂದಿತ್ತು. ನೀರಿನ ಲೋಟ ಚಾಚಿದ ಎಡಗೈಯ ಮೇಲೆ ಉಗುರಿನ ಗುರುತುಗಳು ಕಂಡವು. ಮೊದಲು ನೋಡಿರಲಿಲ್ಲವೆಂದಲ್ಲ, ಮಕ್ಕಳು ಪರಚಿರಬೇಕು ಅಂದುಕೊಂಡು ಬಿಟ್ಟಿದ್ದ. ನಿದ್ದೆಹೋದ ಮಕ್ಕಳು ಪರಚುವುದಾದರೂ ಹೇಗೆ ಎಂಬ ಪ್ರಶ್ನೆ ಈಗ ಹೊಳೆಯಿತು. ಇದೇನು ಎಂದು ಕೇಳಿದ.

“ನಾನೇ ಚಿವುಟಿಕೊಳ್ಳೋದು,” ಅಂದಳು. “ಅವೆಲ್ಲ ಮಲಗಿಬಿಡ್ತವೆ. ನಾನೂ ಮಲಗಿದ್ರೆ ಇಳಿಸೋರು ಯಾರು?”

ವರ್ಷವಿಡೀ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಒಂದು ಮಗುವಿನ ಮನೆಯೂ ತಪ್ಪಿರಲಿಲ್ಲ. ಅವನ ಕೈಲಿ ಅದು ಒಂದು ಮಧ್ಯಾಹ್ನವೂ ಆಗಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪುಟ್ಟಿಯ ಮನೆ ದಾಟಿ ಹೋದದ್ದು, ಬಟನ್ನು, ಗಾಜಿನ ಸಂದಿ, ಒಂದನ್ನೂ ಬಿಡದೆ ಹೇಳಿದ. ಅವಳು ನಾಲಿಗೆಯಿಂದ ದವಡೆಯ ಖಾಲಿ ಜಾಗವನ್ನು ಮುಟ್ಟಿ ನೋಡಿಕೊಂಡಳು.

“ಹಾಗಾದ್ರೆ ಹಲ್ಲು ಸುಮ್ಮನೆ ಕೀಳಿಸಿಕೊಂಡೆ,” ಅಂದಳು.

ಮಣಿಕಟ್ಟು ವಾಸಿಯಾಗುವವರೆಗೆ ಮಕ್ಕಳನ್ನು ಬೇರೆ ವ್ಯಾನು ಕರೆದೊಯ್ದಿತು. ಅವನು ಮತ್ತೆ ಸ್ಟೇರಿಂಗ್ ಹಿಡಿದ ದಿನ ಅವಳೂ ಹತ್ತಿದಳು, ಇವತ್ತೊಂದು ದಿನ ನೋಡುತ್ತೇನೆ ಎಂಬ ಕರಾರಿನ ಮೇಲೆ. ತಂಪು ನಿಧಾನವಾಗಿ ಬಂತು. ಎರಡು ತಿರುವು ಕಳೆದರೂ ಯಾರೂ ಮಲಗಲಿಲ್ಲ. ವ್ಯಾನು ಸಂತೆಯಾಯಿತು. ಒಬ್ಬ ಬೂಟಿನಲ್ಲಿ ಸೀಟು ಒದ್ದ, ಇಬ್ಬರು ಒಂದು ಪೆನ್ಸಿಲ್ಲಿಗೆ ಕಿತ್ತಾಡಿದರು. ಕೆರೆ ಏರಿಯ ಮೇಲೆ ಹೋಗುವಾಗ ಪುಟ್ಟಿ ಗಾಜಿಗೆ ಮೂಗು ಒತ್ತಿ, ಈ ಕೆರೆ ಯಾವಾಗ ಬಂತು ಮಾಮ ಎಂದು ಕೇಳಿದಳು. ಮೊದಲಿನಿಂದಲೂ ಇಲ್ಲೇ ಇತ್ತು ಎನ್ನುವ ಬದಲು, ಅವಳು ನೋಡಲೆಂದು ಅವನು ವ್ಯಾನನ್ನು ನಿಧಾನ ಮಾಡಿದ.

ಗಲಾಟೆಗೆ ಈಗ ಅವನ ತಲೆ ಸಿಡಿಯತೊಡಗಿತು. ಗೊತ್ತಿಲ್ಲದೆಯೇ ಬೆರಳು ಬಟನ್ನಿನವರೆಗೆ ಹೋಯಿತು. ಕನ್ನಡಿಯಲ್ಲಿ ಹಿಂದೆ ನೋಡಿದ. ಹೆಂಡತಿ ಎರಡೂ ಕೈಗಳಿಂದ ಪೆನ್ಸಿಲ್ ಜಗಳ ಬಿಡಿಸುತ್ತಾ ಬಾಯ್ತುಂಬ ಗದರುತ್ತಿದ್ದಳು. ಅವನು ಬೆರಳನ್ನು ಸ್ಟೇರಿಂಗಿಗೆ ವಾಪಸು ತಂದ.