ಮಂದಿಯ ಹಕ್ಕಿ

"ರೆಕ್ಕಿ ಕೂಡಿಕೊಂಡೈತಿ ತಾತ. ಇವತ್ತ ಬಿಟ್ರ ಹಿಂಡಿನ ಜೋಡಿ ಹೋಗತೈತಿ," ಎಂದು ಅನುರಾಧಾ ಮೂರನೆಯ ಸಲ ಹೇಳಿದಳು. ಹಕ್ಕಿ ಇದ್ದ ಬುಟ್ಟಿಗೆ ಬೆನ್ನು ಕೊಟ್ಟು ಕೂತಿದ್ದ ಕಿಷ್ಟಪ್ಪ ಕದಲಲಿಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಇಡೀ ಕುರುಬರ ಓಣಿಗೆ ಗೊತ್ತಿದ್ದ ಸಂಗತಿ. ಮಕ್ತಲ್ ಕಾಲೇಜಿನಲ್ಲಿ ಪಾಠ ಹೇಳುವ ಈ ಹುಡುಗಿಗೆ ಅದು ಗೊತ್ತಾಗಿ ಇನ್ನೂ ಎರಡೇ ತಿಂಗಳಾಗಿತ್ತು.

ತೆಲಂಗಾಣ ರಾಜ್ಯವಾದ ಎರಡನೆಯ ವರ್ಷ. ಸಂಕ್ರಾಂತಿ ಕಳೆದ ವಾರ ಒಂದು ಹೆಬ್ಬಾತು ಕರೆಂಟಿನ ತಂತಿಗೆ ಬಡಿದು ಕೃಷ್ಣೆಯ ಹಿನ್ನೀರಿನ ಪಕ್ಕದ ಶೇಂಗಾ ಹೊಲದಲ್ಲಿ ಬಿದ್ದಿತ್ತು. ಕಿಷ್ಟಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ ತಂದ. ಕುರಿಯ ಕಾಲು ಮುರಿದರೆ ಕಟ್ಟುವಂತೆ ಹೆಂಡತಿ ಮೈಲಮ್ಮ ಬಿದಿರ ಸೀಳು ಇಟ್ಟು ರೆಕ್ಕೆ ಕಟ್ಟಿದಳು. ಅದರ ಕೊರಳಲ್ಲಿ ಹಸಿರು ಪಟ್ಟಿ, ಪಟ್ಟಿಯ ಮೇಲೆ ಬಿಳಿ ಅಕ್ಷರ ಇದ್ದವು. ಗುರುತು ಇದ್ದಮೇಲೆ ಒಡೆಯನೂ ಇರಲೇಬೇಕೆಂದು ಕಿಷ್ಟಪ್ಪ ಅಂದೇ ತೀರ್ಮಾನಿಸಿದ.

ಕುರುಬರ ಕಟ್ಟಳೆಯೇ ಹಾಗೆ: ದಾರಿ ತಪ್ಪಿ ನಿನ್ನ ಹಿಂಡು ಸೇರಿದ ಕುರಿಯ ಕಿವಿಯಲ್ಲಿ ಬೇರೆಯವರ ಗುರುತಿದ್ದರೆ ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಬಿಡುವಂತೂ ಇಲ್ಲ. ಒಡೆಯನ ಮಾತು ಬರುವ ತನಕ ಮೇಯಿಸಿ ಕಾಯಬೇಕು, ತಪ್ಪಿದರೆ ಕುಲದೇವರು ಬೀರಪ್ಪನೇ ಕೇಳುತ್ತಾನೆ. ಹಿಂದೊಮ್ಮೆ ಗದ್ವಾಲದ ಯಾರದೋ ಕುರಿಯನ್ನು ಕಿಷ್ಟಪ್ಪ ಹನ್ನೊಂದು ತಿಂಗಳು ಕಾದಿದ್ದ.

ಅನುರಾಧಾ ಪಟ್ಟಿಯ ಫೋಟೋ ತೆಗೆದು, ಅದನ್ನು ಹಾಕಿದ್ದ ಮಂಗೋಲಿಯಾದವರಿಗೆ ಕಳಿಸಿದ್ದಳು. ಈ ಹಕ್ಕಿಗಳು ಹಿಮಾಲಯ ದಾಟಿ ಬರುತ್ತವೆ, ಅವು ಇಳಿಯುವ ಕೆರೆ ಕುಂಟೆ ಉಳಿಸಲು ಹತ್ತಾರು ದೇಶದವರು ಕೂಡಿ ಗುರುತು ಹಾಕುತ್ತಾರೆ ಎಂದು ತಿಳಿಸಿ ಹೇಳಿದ್ದಳು. ಅಷ್ಟು ಒಳ್ಳೆಯವರಾದರೆ ಒಂದು ಮಾತು ಹೇಳಿಕಳಿಸಲಿ, ಬಿಡುತ್ತೇನೆ ಎಂದ ಕಿಷ್ಟಪ್ಪ. ಉತ್ತರವೇ ಬರಲಿಲ್ಲ.

ಅಷ್ಟರಲ್ಲಿ ಬಿಸಿಲು ಬಲಿಯಿತು. ಹಿನ್ನೀರಿನ ಹಿಂಡುಗಳು ಒಂದೊಂದೇ ಎದ್ದು ಹೋಗಿ ಕೊನೆಯದೊಂದು ಉಳಿದಿತ್ತು. ಬುಟ್ಟಿಯೊಳಗಿನದು ಕಾಳು ಮುಟ್ಟುತ್ತಿರಲಿಲ್ಲ, ಬಡಗಣ ದಿಕ್ಕಿಗೆ ಮುಖ ಮಾಡಿ ಕೂಗುತ್ತಿತ್ತು. ಒಂಟಿಯಾಗಿ ಉಳಿದರೆ ಈ ಬೇಸಿಗೆಗೆ ಅದು ಬದುಕುವುದಿಲ್ಲ ಎಂದು ಅನುರಾಧಾ ಹೇಳಿದ್ದು ಕಿಷ್ಟಪ್ಪನ ಎದೆಯಲ್ಲಿ ಮುಳ್ಳಾಗಿತ್ತು. ಆದರೆ ಮಂದಿಯ ಮಾಲನ್ನು ತನ್ನ ಮನಸ್ಸಿಗೆ ಬಂದಂತೆ ಬಿಡಲು ಅವನಿಗೆ ಧೈರ್ಯವಿರಲಿಲ್ಲ.

ಇವತ್ತು ಅನುರಾಧಾ ಮೂರನೆಯ ಸಲ ಹೇಳಿ ಮುಗಿಸಿದಾಗಲೇ ಅವಳ ಫೋನು ಸದ್ದು ಮಾಡಿತು. ಮಂಗೋಲಿಯಾದಿಂದ ಬಂದ ಉತ್ತರವನ್ನು ಅವಳು ಒಮ್ಮೆ ತನ್ನಷ್ಟಕ್ಕೆ ಓದಿಕೊಂಡು, ಆಮೇಲೆ ನಿಧಾನವಾಗಿ ಕಿಷ್ಟಪ್ಪನ ಮಾತಿನಲ್ಲೇ ಹೇಳಿದಳು.

"ಈ ಹಕ್ಕಿಗೆ ಒಡೆಯ ಅಂಬೋರು ಯಾರೂ ಇಲ್ಲಂತ ತಾತ. ಅವರು ಗುರುತು ಹಾಕಿದೋರು, ಅಷ್ಟ."

ಕಿಷ್ಟಪ್ಪ ಬುಟ್ಟಿಯ ಕಡೆ ತಿರುಗಿದ. "ಒಡೆಯ ಇಲ್ಲದ್ದಕ್ಕ ಗುರುತ್ಯಾಕ ಹಾಕಿದ್ರವ್ವ?"

"ದಾರ್ಯಾಗ ಅದನ್ನ ಯಾರು ನೋಡಿಕೊಂಡ್ರು ಅಂತ ತಿಳೀಲಿ ಅಂತ."

ವಾರಸುದಾರರಿಲ್ಲದ ಕುರಿ ಕಾದವನದೇ ಆಗುತ್ತದಲ್ಲ ಎಂದು ಮೈಲಮ್ಮ ಬಾಗಿಲಲ್ಲಿ ನಿಂತು ಮೆಲ್ಲಗೆ ನೆನಪಿಸಿದಳು. ಕಿಷ್ಟಪ್ಪ ಎದ್ದು ಒಳಗೆ ಹೋದ. ಬೀರಪ್ಪನ ಭಂಡಾರದ ಅರಿಶಿನ ಒಂದು ಚಿಟಿಕೆ ತಂದು ಹೆಬ್ಬಾತಿನ ತಲೆಗೆ ಹಚ್ಚಿದ. ತಪ್ಪಿ ಬಂದ ಕುರಿಯನ್ನು ಸ್ವಂತದ್ದಾಗಿ ಸೇರಿಸಿಕೊಳ್ಳುವ ಶಾಸ್ತ್ರವೇ ಅದು. ಇವನು ಇನ್ನು ಬಿಡುವುದಿಲ್ಲ, ಎಲ್ಲಾ ಕೆಟ್ಟಿತು ಎಂದು ಅನುರಾಧಾಳ ಮುಖ ಬಾಡಿತು.

ಅವನು ಹಕ್ಕಿಯನ್ನು ಎದೆಗವಚಿಕೊಂಡು ನೇರ ನೀರಿನ ಕಡೆಗೆ ನಡೆದ. ಹಿಂದೆ ಓಡಿಬಂದ ಅವಳಿಗೆ ತಿರುಗಿ ಹೇಳಿದ, "ಮಂದೀದು ಇದ್ದಾಗ ಕಾಯಬೇಕಾಗಿತ್ತವ್ವ. ಈಗ ನಮ್ಮದ ಆತಲ್ಲ, ಮೇಯಾಕ ಬಿಡತೀನಿ."

ಮರಳಿನ ಮೇಲೆ ಇಳಿಸಿದ. ಅದು ನಾಲ್ಕು ಹೆಜ್ಜೆ ಓಡಿತು, ತಡವರಿಸಿತು, ಹಾರಿ ಹಿಂಡು ಸೇರಿತು. ಅವನಿಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂಡಿಗೆ ಹಿಂಡೇ ಎದ್ದು ತಲೆಯ ಮೇಲೆ ಹಾಯಿತು.

"ನಮ್ಮದು ಯಾವುದು?" ಎಂದಳು ಅವರ ಹಿಂದೆಯೇ ಬಂದಿದ್ದ ಮೈಲಮ್ಮ.

ಕಣ್ಣು ಮಂಜಾಗಿ ಕಿಷ್ಟಪ್ಪನಿಗೆ ಒಂದೂ ಸರಿಯಾಗಿ ಕಾಣುತ್ತಿರಲಿಲ್ಲ. "ಅಗಾ, ಆ ತುದೀದು," ಎಂದು ಕೈಯೆತ್ತಿ ತೋರಿಸಿದ. ಮೈಲಮ್ಮ ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡುತ್ತ ನಿಂತಳು.